ವೇಷ ಮರೆಸಿದ ಪಾದ್ರಿಗೆ ಮುಖವಾಡ ಮಾಡುವುದು ಹೇಗೆ

ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚುವುದು ನನ್ನ ಕಸುಬು. ಜಾತ್ರೆ ಮುಗಿದ ಮೇಲೆ ಬಾಗಲಕೋಟೆ ಕಡೆಯ ಶಾಲೆಗಳು ಕರೆಯುತ್ತವೆ. ಈ ಸಲ ಮಕ್ಕಳು ಆಡಿದ್ದು ಅಲೆಕ್ಸಾಂಡರ್ ಪೀಡನ್ ಕಥೆ. ರಾಜ ಹೇರಿದ ಚರ್ಚಿನ ಪದ್ಧತಿಗೆ ಒಪ್ಪದೆ ಚರ್ಚು ಕಳೆದುಕೊಂಡ ಸ್ಕಾಟ್ಲೆಂಡಿನ ಪಾದ್ರಿ. ಬಯಲಲ್ಲಿ ಪ್ರವಚನ ಮಾಡಿದ ಪಾದ್ರಿಗೆ ಮರಣದಂಡನೆ ಅಂತ 1670ರಲ್ಲಿ ಕಾನೂನೇ ಬಂತು. ಮುಖವಾಡ, ಸುಳ್ಳು ಕೂದಲು ಹಾಕಿಕೊಂಡು ಅವರು ತಿರುಗಾಡಿದರಂತೆ. ಅವರದ್ದೆನ್ನುವ ಆ ಮುಖವಾಡ ಎಡಿನ್‌ಬರೋ ಮ್ಯೂಸಿಯಂನಲ್ಲಿದೆ.

ಮೊದಲು ಜೇಡಿಮಣ್ಣಲ್ಲಿ ಮುಖ ಮಾಡಿ, ಮೇಲೆ ಎಣ್ಣೆ ಸವರಿ. ಪೇಪರನ್ನು ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಹರಿದ ಅಂಚು ಒಂದರೊಳಗೊಂದು ಕೂರುತ್ತದೆ. ಮೈದಾ ಅಂಟಿನಲ್ಲಿ ಐದು ಪದರ ಹಚ್ಚಿ ನೆರಳಲ್ಲೇ ಒಣಗಿಸಿ. ನಮ್ಮ ಬಿಸಿಲಿಗಿಟ್ಟರೆ ಗಲ್ಲ ಸೊಟ್ಟಗಾಗುತ್ತದೆ. ಕೊನೆಯ ಪದರಕ್ಕೆ ಹಳೇ ಧೋತರದ ಬಟ್ಟೆ. ಅದನ್ನು ಗಟ್ಟಿ ಚಹಾ ನೀರಲ್ಲಿ ಅದ್ದಿದರೆ ಚರ್ಮದ ಬಣ್ಣ ತಾನೇ ಬರುತ್ತದೆ.

ಕಣ್ಣಿನ ತೂತು ದೊಡ್ಡದಿರಲಿ. ಮೊದಲ ಸಲ ನಾನು ಸಣ್ಣದು ಮಾಡಿದ್ದೆ, ಹುಡುಗ ರಂಗದ ಮೆಟ್ಟಿಲು ಕಾಣದೆ ಬಿದ್ದ. ಮೊಣಕಾಲು ತರಚಿತು. ಇವತ್ತಿಗೂ ಅದು ನನ್ನ ಮನಸ್ಸಲ್ಲಿದೆ. ಬಾಯಿಯ ಜಾಗ ಪೂರ್ತಿ ಬಿಡಿ, ಇಲ್ಲಾಂದ್ರೆ ಹಿಂದಿನ ಸಾಲಿಗೆ ಪ್ರವಚನ ಕೇಳಿಸುವುದಿಲ್ಲ. ಗಡ್ಡವನ್ನು ಮುಖವಾಡಕ್ಕೇ ಹೊಲಿಯಿರಿ. ಮಕ್ಕಳ ಚರ್ಮಕ್ಕೆ ಗಮ್ ಬೇಡ.

ಇಷ್ಟಾದರೂ ತಾಲೀಮಿನಲ್ಲಿ ಹುಡುಗ ಪಾದ್ರಿಯಂತೆಯೇ ಕೈಕಟ್ಟಿ ನಡೆದ. ಯಾವ ಸಿಪಾಯಿಯಾದರೂ ಹಿಡಿಯುತ್ತಿದ್ದ, ಅಲ್ವಾ? ಆಗ ಅವನಿಗೆ ಜಾನ್ ಜೆರಾರ್ಡ್ ಕಥೆ ಹೇಳಿದೆ. ಇವರು ಕ್ಯಾಥೊಲಿಕ್ ಪಾದ್ರಿ. 1588ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ದಡಕ್ಕೆ ಕದ್ದು ಇಳಿದರು. ಹೊಲದಲ್ಲಿ ಯಾರೇ ಎದುರಾದರೂ 'ನನ್ನ ಬೇಟೆಯ ಗಿಡುಗ ತಪ್ಪಿಸಿಕೊಂಡಿದೆ, ಕಂಡಿರಾ?' ಅಂತ ಇವರೇ ಮೊದಲು ಕೇಳುತ್ತಿದ್ದರು. ದಾರಿ ಬಿಟ್ಟು ಹೊಲದಲ್ಲಿ ಯಾಕೆ ನಡೆಯುತ್ತಿದ್ದಾನೆ ಅಂತ ಆಮೇಲೆ ಯಾರೂ ಕೇಳಲಿಲ್ಲ.

ನಿಮ್ಮ ಪಾತ್ರಕ್ಕೂ ಹಾಗೊಂದು ಕೆಲಸ ಕೊಡಿ. ನಮ್ಮ ಹುಡುಗನ ಹೆಗಲಿಗೆ ಕಂಬಳಿ, ಕೈಗೆ ಕೋಲು ಕೊಟ್ಟೆ. ಅವನ ಅಜ್ಜ ಕುರಿ ಕಾಯುವವರು. ಆ ನಡಿಗೆ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಿಪಾಯಿ ಕೂಗುವ ಮೊದಲೇ ಇವನೇ ಹತ್ತಿರ ಹೋಗಿ, "ನಮ್ಮ ಕುರಿ ಈ ಕಡೆ ಬಂತೇನ್ರೀ?" ಅಂದ.

ಸಿಪಾಯಿ ಪಾತ್ರದ ಹುಡುಗ ತನ್ನ ಮಾತು ಮರೆತು, ನಿಜವಾಗಿಯೂ ಹಿಂದೆ ತಿರುಗಿ ಕುರಿ ಹುಡುಕಿದ.