ದೀಪ ಆರಿಸಿ ನುಡಿಸಿದ ಕ್ವಾರ್ಟೆಟ್

ನಾನು ವಯೋಲಾ ನುಡಿಸುತ್ತೇನೆ, ಪಿಟೀಲಿಗಿಂತ ತುಸು ದೊಡ್ಡ, ತಗ್ಗು ದನಿಯ ವಾದ್ಯ. ನಮ್ಮದು ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ಎರಡು ಪಿಟೀಲು, ಒಂದು ವಯೋಲಾ, ಇನ್ನೂ ತಗ್ಗು ದನಿಯ ಒಂದು ಚೆಲ್ಲೋ ಸೇರಿದ ನಾಲ್ವರ ತಂಡ. ಅಂಥ ತಂಡಕ್ಕೆ ಬರೆದ ಕೃತಿಗೂ ಕ್ವಾರ್ಟೆಟ್ ಅಂತಲೇ ಹೆಸರು. ನಾವು ಕಲಿತ ಹೊಸ ಕೃತಿಗಳಲ್ಲಿ ನನಗೆ ತುಂಬಾ ಹತ್ತಿರವಾದದ್ದು ಆಸ್ಟ್ರಿಯಾದ ಗೇಯಾರ್ಗ್ ಫ್ರೀಡ್ರಿಷ್ ಹಾಸ್ 2001ರಲ್ಲಿ ಬರೆದ ಮೂರನೇ ಕ್ವಾರ್ಟೆಟ್. ಇದನ್ನು ಪೂರ್ತಿ ಕತ್ತಲಲ್ಲಿ ನುಡಿಸಬೇಕು. ಕೇಳುಗರು ನಡುವೆ, ನಾವು ನಾಲ್ವರು ನಾಲ್ಕು ಮೂಲೆಯಲ್ಲಿ.

ಕ್ವಾರ್ಟೆಟ್ ಅರ್ಧ ನಡೆಯುವುದೇ ಕಣ್ಣಿನಿಂದ, ಅಲ್ವಾ? ಮೊದಲ ಪಿಟೀಲಿನವರು ಉಸಿರೆಳೆದರೆ ಹೆಗಲು ಏಳುತ್ತದೆ, ಕಮಾನು ಏಳುತ್ತದೆ, ಎಲ್ಲರೂ ಒಟ್ಟಿಗೆ ಶುರು ಮಾಡುತ್ತೇವೆ. ಇಲ್ಲಿ ಅದು ಇಲ್ಲ. ಒಬ್ಬರು ಒಂದು ಬಗೆಯ ನಾದದಿಂದ 'ಬಾ' ಅಂತ ಕರೆಯುತ್ತಾರೆ. ಉಳಿದವರು ಹೋಗಬಹುದು, ಬೇಡ ಅನ್ನಲೂಬಹುದು. ಹಾಗಾಗಿ ಎರಡು ಸಲ ಒಂದೇ ಥರ ಬರುವುದಿಲ್ಲ.

ಮೊದಲು ಬೆಳಕಲ್ಲೇ ಎಲ್ಲ ಸೂಚನೆಗಳನ್ನು ಬಾಯಿಪಾಠ ಮಾಡಿದೆವು. ಆಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತೆವು, ಆಮೇಲೆ ಮೂಲೆಗಳಿಗೆ ಹೋದೆವು. ಕಣ್ಣು ಮುಚ್ಚಿ ನುಡಿಸುವುದು ಕತ್ತಲಿಗೆ ಸಮ ಅಂದುಕೊಂಡಿದ್ದೆ. ಅಲ್ಲ. ಮುಚ್ಚಿದ ಕಣ್ಣನ್ನು ಬೇಕಾದಾಗ ತೆರೆಯಬಹುದು, ಆ ಧೈರ್ಯ ಒಳಗೆ ಇದ್ದೇ ಇರುತ್ತದೆ. ಮೊದಲ ಸಲ ನಿಜವಾಗಿ ದೀಪ ಆರಿಸಿದಾಗ ನನ್ನ ಕಮಾನು ಬೇರೆ ತಂತಿಯ ಮೇಲೆ ಬಿತ್ತು. ಅಂದಿನಿಂದ ಎಡಗೈಯಿಂದ ತಂತಿ ಸವರಿ ಎಣಿಸಿಕೊಂಡೇ ಕಮಾನು ಇಡುತ್ತೇನೆ.

ಜಾಸ್ತಿ ಸಮಯ ಹಿಡಿದದ್ದು ಶ್ರುತಿ. ಹಾಸ್ ಸಂಗೀತದ ಸೊಗಸು ಒಂದು ತಂತಿಯಿಂದ ತಾನಾಗಿ ಹುಟ್ಟುವ ಮೇಲಿನ ಸ್ವರಗಳಲ್ಲಿದೆ. ತಂಬೂರಿಯಲ್ಲಿ ಯಾರೂ ಮೀಟದೆ ಕೇಳಿಸುವ ಸ್ವಯಂಭೂ ಗಾಂಧಾರ ಅಂಥದ್ದೇ, ಅದು ಐದನೆಯದು. ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ ನಿಲ್ಲುತ್ತದೆ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಏಳನೆಯದು ತನ್ನ ಹತ್ತಿರದ ಪಿಯಾನೋ ಸ್ವರಕ್ಕಿಂತ ಇನ್ನೂ ತಗ್ಗು, ಸುಮಾರು 31 ಸೆಂಟ್. ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು.

ನಾವು ಮಾಡಿದ್ದು ಹೀಗೆ. ಚೆಲ್ಲೋ ವಾದಕ ಕೆಳಗಿನ ಸಿ ತಂತಿಯ ಏಳನೇ ಒಂದು ಪಾಲಿನ ಜಾಗದಲ್ಲಿ ಬೆರಳನ್ನು ಒತ್ತದೆ ಸುಮ್ನೆ ತಾಗಿಸುತ್ತಿದ್ದ. ತೆಳ್ಳಗಿನ ಏಳನೇ ಸ್ವರ ಹೊರಡುತ್ತಿತ್ತು. ನಾನು ಅದೇ ಸ್ವರವನ್ನು ಬೆರಳೊತ್ತಿ ನುಡಿಸಿದಾಗ ಎರಡರ ನಡುವೆ 'ವಾಂವ್ ವಾಂವ್' ಅಂತ ಅಲೆ ಏಳುತ್ತಿತ್ತು. ಬೆರಳನ್ನು ಕೂದಲೆಳೆಯಷ್ಟು ಹಿಂದೆ ಜಾರಿಸಿದರೆ ಅಲೆ ನಿಧಾನವಾಗುತ್ತದೆ. ಇನ್ನೊಂದಿಷ್ಟು ಜಾರಿಸಿದರೆ ನಿಂತೇಬಿಡುತ್ತದೆ. ಆ ನಿಂತ ಕ್ಷಣದಲ್ಲಿ ಎರಡು ವಾದ್ಯ ಒಂದಾದಂತೆ ಕೇಳುತ್ತದೆ. ಟ್ಯೂನರ್ ಪಕ್ಕಕ್ಕಿಟ್ಟೆವು, ಅದರ ಮುಳ್ಳು ಪಿಯಾನೋ ಸ್ವರಕ್ಕೇ ಎಳೆಯುತ್ತಿತ್ತು.

ಒಂದು ಅಭ್ಯಾಸದಲ್ಲಿ ನಾನು ಕರೆದದ್ದು ಯಾರಿಗೂ ಗೊತ್ತಾಗಲಿಲ್ಲ. ಎರಡೇ ಸಲ ನುಡಿಸಿ ಅವಸರದಲ್ಲಿ ಮುಂದೆ ಹೋಗಿದ್ದೆ. ಕರೆದ ಮೇಲೆ ಕಾಯಬೇಕು, ಮತ್ತೆ ಕರೆಯಬೇಕು. ಕತ್ತಲಲ್ಲಿ ಹೊತ್ತು ಉದ್ದವಾಗಿ ಕಾಣುತ್ತದೆ, ಹಾಗಾಗಿ ನಮಗೆ ಸಾಕು ಅನ್ನಿಸಿದ್ದಕ್ಕಿಂತ ಜಾಸ್ತಿ ಕಾದರೇ ಸರಿ.

ಕಛೇರಿಯ ದಿನ ಬಾಗಿಲ ಸಂದಿಗೆಲ್ಲ ಕಪ್ಪು ಬಟ್ಟೆ ಕಟ್ಟಿದೆವು. ಕೇಳುಗರಿಗೆ ಮೊದಲೇ ಒಂದು ನಿಮಿಷ ಕತ್ತಲು ಮಾಡಿ ತೋರಿಸಿದೆವು, ಆಗದವರು ಹೊರಗೆ ಹೋಗಲಿ ಅಂತ. ಕೃತಿಯೊಳಗೆ ಇಟಲಿಯ ಜೆಸುಆಲ್ಡೋ ಬರೆದ ಹಳೆಯ ಹಾಡಿನ ತುಣುಕು ಬರುತ್ತದೆ. ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾ ಮಾಡುವ ಕ್ರೈಸ್ತ ಪ್ರಾರ್ಥನೆಯ ಹಾಡು ಅದು. ಅಷ್ಟು ಹೊತ್ತು ಮೂಲೆಗಳಲ್ಲಿ ಚದುರಿದ್ದ ನಾವು ಅಲ್ಲಿ ಒಂದೇ ಗಂಟಲಾದೆವು.

ಕೊನೆಯ ಸ್ವರ ಆರಿದ ಮೇಲೂ ಕಮಾನನ್ನು ತಂತಿಯ ಮೇಲೇ ಇಟ್ಟುಕೊಂಡಿದ್ದೆ. ಎದುರು ಮೂಲೆಯಲ್ಲಿ ಚೆಲ್ಲೋದವನ ಕುರ್ಚಿ ಕಿರುಗುಟ್ಟಿತು. ಆಗ ಇಳಿಸಿದೆ.