ಮೇಲೆ ಬರಲು ಎಷ್ಟು ಗಾಳಿ ಬೇಕು? ನೀರಿಗಿಳಿಯುವ ಮೊದಲೇ ಲೆಕ್ಕ ಹಾಕಿ

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದನ್ನು, ಹೊಸದಾಗಿ ಕಲಿತವರನ್ನು ‘ಯಾವಾಗ ಮೇಲೆ ಹೊರಡುತ್ತೀರಿ?’ ಎಂದು ಕೇಳಿ ನೋಡಿ. ‘ಗೇಜ್ 50 ಬಾರ್ ತೋರಿಸಿದಾಗ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. (ಬಾರ್ ಎಂದರೆ ಒತ್ತಡದ ಅಳತೆ. ಸಿಲಿಂಡರಿನಲ್ಲಿ ಉಳಿದಿರುವ ಗಾಳಿಯನ್ನು ಗೇಜ್ ಅದರಲ್ಲೇ ತೋರಿಸುತ್ತದೆ.) ಆದರೆ 50 ಬಾರ್ ಎಂಬುದು ನೀರಿನ ಮೇಲೆ ತಲೆ ಎತ್ತಿದಾಗ ಸಿಲಿಂಡರಿನಲ್ಲಿ ಉಳಿದಿರಬೇಕಾದ ಗಾಳಿ. ಕೆಳಗಿನಿಂದ ಹೊರಡಲು ಎಷ್ಟು ಬೇಕು ಅನ್ನುವುದು ಬೇರೆಯೇ ಲೆಕ್ಕ.

ಸಾಮಾನ್ಯ ಡೈವ್‌ಗೆ ಒಯ್ಯುವ ಸಿಲಿಂಡರಿನಲ್ಲಿ ಇರುವುದು ಶುದ್ಧ ಆಕ್ಸಿಜನ್ ಅಲ್ಲ, ನಾವು ದಿನಾ ಉಸಿರಾಡುವ ಗಾಳಿಯೇ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ ಸುಮಾರು 2,400 ಲೀಟರ್ ಸಿಗುತ್ತದೆ. ಆಳಕ್ಕೆ ಹೋದಂತೆ ಇದು ಬೇಗ ಖಾಲಿಯಾಗುತ್ತದೆ. ನೀರಿನ ಮೇಲೆ ಒತ್ತಡ 1 ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಹೆಚ್ಚುಕಮ್ಮಿ 1 ಬಾರ್ ಏರುತ್ತದೆ. 30 ಮೀಟರಿನಲ್ಲಿ 4 ಬಾರ್ ಆಯಿತು, ಅಂದರೆ ಅಲ್ಲಿನ ಒಂದು ಉಸಿರಿಗೆ ಮೇಲಿನ ನಾಲ್ಕು ಉಸಿರಿನಷ್ಟು ಗಾಳಿ ಖರ್ಚು.

ಮೊದಲು ನಿಮ್ಮ ಖರ್ಚು ತಿಳಿಯಿರಿ

10 ಮೀಟರ್ ಆಳದಲ್ಲಿ 10 ನಿಮಿಷ ಮೇಲೆ ಕೆಳಗೆ ಆಗದಂತೆ ಸಾವಕಾಶವಾಗಿ ಈಜಿ. ಗೇಜ್ 30 ಬಾರ್ ಇಳಿಯಿತು ಅನ್ನಿ. 30ನ್ನು ಸಿಲಿಂಡರಿನ 12 ಲೀಟರಿನಿಂದ ಗುಣಿಸಿದರೆ 360 ಲೀಟರ್, ನಿಮಿಷಕ್ಕೆ 36. ಅಲ್ಲಿನ ಒತ್ತಡ 2 ಬಾರ್, ಹಾಗಾಗಿ ಎರಡರಿಂದ ಭಾಗಿಸಿ. ನೀರಿನ ಮೇಲಿನ ಲೆಕ್ಕದಲ್ಲಿ ನಿಮ್ಮ ಖರ್ಚು ನಿಮಿಷಕ್ಕೆ 18 ಲೀಟರ್. ಗೆಳೆಯನ ಅಂಕಿ ಎರವಲು ತರಬೇಡಿ. ಚಳಿ, ಎದುರು ಹರಿವು, ಗಾಬರಿ ಇದ್ದರೆ ನಿಮ್ಮದೇ ಅಂಕಿಯೂ ಏರುತ್ತದೆ.

ಆಮೇಲೆ ತುರ್ತಿನ ಗಾಳಿ ತೆಗೆದಿಡಿ

ಇಲ್ಲಿ ಆತುರ ಬೇಡ. 20 ಮೀಟರಿನಲ್ಲಿ ಜೊತೆಗಾರನ ಗಾಳಿ ನಿಂತೇ ಹೋಯಿತು ಅಂದುಕೊಳ್ಳಿ. ಈಗ ಇಬ್ಬರೂ ನಿಮ್ಮ ಒಂದೇ ಸಿಲಿಂಡರಿನಿಂದ ಉಸಿರಾಡಬೇಕು. ಗಾಬರಿಯಲ್ಲಿ ತಲಾ 30 ಲೀಟರ್ ಹಿಡಿದರೆ ನಿಮಿಷಕ್ಕೆ 60. ಆಕ್ಟೋಪಸ್ (ಜೊತೆಗಾರನಿಗೆಂದೇ ಇರುವ ಹೆಚ್ಚುವರಿ ಉಸಿರಾಟದ ಬಾಯಿ) ಕೊಟ್ಟು ಸುಧಾರಿಸಿಕೊಳ್ಳಲು ಒಂದು ನಿಮಿಷ. ಅಲ್ಲಿನ ಒತ್ತಡ 3 ಬಾರ್: 60×3, ಅಂದರೆ 180 ಲೀಟರ್. ನಿಮಿಷಕ್ಕೆ 10 ಮೀಟರಿನಂತೆ ಏರಲು ಎರಡು ನಿಮಿಷ, ಸರಾಸರಿ ಒತ್ತಡ 2 ಬಾರ್: 240 ಲೀಟರ್. 5 ಮೀಟರಿನಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ನಿಲ್ಲುವುದು), ಒತ್ತಡ 1.5 ಬಾರ್: 270 ಲೀಟರ್. ಒಟ್ಟು 690. 12ರಿಂದ ಭಾಗಿಸಿದರೆ ಹತ್ತಿರಹತ್ತಿರ 58 ಬಾರ್, 60 ಎಂದೇ ಇಟ್ಟುಕೊಳ್ಳಿ. ಇದೇ ಲೆಕ್ಕ 30 ಮೀಟರಿಗೆ ಹಾಕಿದರೆ 80 ಬಾರ್! ಅಲ್ಲಿ 50ರವರೆಗೆ ಕಾಯುತ್ತಾ ಕೂತರೆ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಈ ಗಾಳಿ ನಿಮ್ಮದಲ್ಲ, ಜೊತೆಗಾರನದು. ಮೀನು ನೋಡಲು ಅದನ್ನು ಮುಟ್ಟಬೇಡಿ.

ಉಳಿದದ್ದರಲ್ಲಿ ಡೈವ್ ಹೊಂದಿಸಿ

200ರಲ್ಲಿ 60 ಕಳೆದರೆ 140 ಬಾರ್. ಹೊರಟ ಜಾಗಕ್ಕೇ ವಾಪಸ್ ಬರಬೇಕಾದರೆ ಅದರ ಅರ್ಧ, 70 ಮಾತ್ರ ಹೋಗುವುದಕ್ಕೆ. ಗೇಜ್ 130 ತೋರಿಸಿದ ಕೂಡಲೇ ತಿರುಗಿ. ಇಬ್ಬರಲ್ಲಿ ಯಾರದ್ದು ಮೊದಲು ಅಲ್ಲಿಗೆ ಮುಟ್ಟಿದರೂ ಇಬ್ಬರೂ ತಿರುಗಬೇಕು. ಡೈವ್ ಕಂಪ್ಯೂಟರ್ (ಆ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ತೋರಿಸುವ ಉಪಕರಣ) ಕೊಡುವ ಸಮಯದ ಮಿತಿ ಅದಕ್ಕಿಂತ ಬೇಗ ಬಂದರೆ ಅದನ್ನೇ ಪಾಲಿಸಿ. ನೀರೊಳಗಿನ ಗುಹೆಯಲ್ಲಿ ಹೋಗಲು ಮೂರನೇ ಒಂದು ಪಾಲು, ಬರಲು ಒಂದು, ತುರ್ತಿಗೆ ಒಂದು ಎಂಬ ನಿಯಮವಿದೆ. ಆದರೆ ಪ್ರತ್ಯೇಕ ತರಬೇತಿ ಇಲ್ಲದೆ ಆ ಕಡೆ ಹೋಗಲೇಬೇಡಿ.

ಇಳಿಯುವ ಮುನ್ನ

ಗೇಜ್ ನೋಡುತ್ತಲೇ ರೆಗ್ಯುಲೇಟರಿನಿಂದ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ನಾಲ್ಕೈದು ದೀರ್ಘ ಉಸಿರು ಎಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಜಾರಿ ಮತ್ತೆ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದೇ ತಿಳಿಯಿರಿ. ಸುಮ್ನೆ ನಿಂತಾಗ ಗೇಜ್ 200 ತೋರಿಸುತ್ತಿದ್ದರೂ ಆಳದಲ್ಲಿ ಗಾಳಿ ಸಾಕಾಗದೆ ಉಸಿರು ಕಟ್ಟುತ್ತದೆ. ಎಣ್ಣೆಯ ವಾಸನೆ ಬಂದರೆ ಆ ಸಿಲಿಂಡರ್ ಬೇಡ. ಆದರೆ ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸಿಲಿಂಡರ್ ತುಂಬುವ ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಎಂಜಿನ್ ಹೊಗೆಯ ಹತ್ತಿರ ಇದೆಯೇ ಎಂದು ಕಣ್ಣು ಹಾಯಿಸಿ.

ನೈಟ್ರಾಕ್ಸ್ (ಮಾಮೂಲಿ ಗಾಳಿಗಿಂತ ಆಕ್ಸಿಜನ್ ಹೆಚ್ಚಿರುವ ಮಿಶ್ರಣ) ಆದರೆ ಆಕ್ಸಿಜನ್ ಪ್ರಮಾಣವನ್ನು ನೀವೇ ಅಳೆದು ಸಿಲಿಂಡರಿನ ಮೇಲೆ ಬರೆಯಿರಿ. ಆಕ್ಸಿಜನ್ ಪಾಲಿನ ಒತ್ತಡಕ್ಕೆ 1.4 ಬಾರ್ ಮಿತಿ ಹಿಡಿದರೆ 32% ಮಿಶ್ರಣಕ್ಕೆ ಗರಿಷ್ಠ ಆಳ 33 ಮೀಟರ್. ಮೀರಿದರೆ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ನೈಟ್ರಾಕ್ಸ್‌ನಿಂದ ಗಾಳಿ ಜಾಸ್ತಿ ಹೊತ್ತು ಬರುತ್ತದೆ ಎಂಬುದೂ ತಪ್ಪು. ಅದು ನೈಟ್ರೋಜನ್ ಕಡಿಮೆ ಮಾಡುತ್ತದೆ, ಅಷ್ಟೆ.

ನೀರಿನಲ್ಲಿ

ನಿಮಿಷಕ್ಕೆ 18 ಲೀಟರಿನವರಿಗೆ 20 ಮೀಟರಿನಲ್ಲಿ ಐದು ನಿಮಿಷಕ್ಕೆ 22-23 ಬಾರ್ ಖರ್ಚಾಗಬೇಕು. ಐದು ನಿಮಿಷಕ್ಕೊಮ್ಮೆ ಗೇಜ್ ನೋಡುವ ಮೊದಲು ಎಷ್ಟಿರಬಹುದು ಎಂದು ಮನಸ್ಸಿನಲ್ಲೇ ಊಹಿಸಿ. 40 ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ನೀವು ಏದುಸಿರು ಬಿಡುತ್ತಿದ್ದೀರಿ. ಜೊತೆಗಾರನಿಗೆ ಸನ್ನೆ ಮಾಡಿ, ಇಬ್ಬರೂ ನಿಧಾನವಾಗಿ ಏರಲು ಶುರು ಮಾಡಿ. ಗಾಳಿ ಉಳಿಸೋಣ ಎಂದು ಉಸಿರು ಮಾತ್ರ ಬಿಗಿಹಿಡಿಯಬೇಡಿ, ಏರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು.