ಹಂಡೆ ನೀರಿನವರು ಜಪಾನಿಗೆ ಹೋದರೆ

ತೀರ್ಥಹಳ್ಳಿಯ ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಉರಿಗೆ ಕಾದ ಹಂಡೆ ನೀರು ಮಿಂದು ಬೆಳೆದವಳು ನಾನು. ಮಗಳ ಮನೆಗೆಂದು ಜಪಾನಿಗೆ ಹೋದಾಗ ಮೊದಲು ಹಿಡಿಸಿದ್ದು ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನ.

ಕೊಳಕ್ಕೆ ಇಳಿಯುವುದು ಮೈ ತೊಳೆಯುವುದಕ್ಕಲ್ಲ, ನೆನಪಿರಲಿ. ಗೋಡೆಯ ಪಕ್ಕ ನಮ್ಮ ಮಣೆಯಂಥ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಸೋಪು ಹಚ್ಚಿ, ನೊರೆ ಚೂರೂ ಉಳಿಯದಂತೆ ತೊಳೆದುಕೊಂಡ ಮೇಲೆಯೇ ಇಳಿಯಬೇಕು. ಮೈಮೇಲೆ ಬಟ್ಟೆ ಇರಬಾರದು. ಹೆಂಗಸರಿಗೆ, ಗಂಡಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ಜಾಗ. ನಾಚಿಕೆ ಐದು ನಿಮಿಷದ್ದು. ಪುಟ್ಟ ಟವೆಲನ್ನು ನೀರಿಗೆ ಅದ್ದದೆ, ಮಡಚಿ ತಲೆಯ ಮೇಲಿಟ್ಟುಕೊಳ್ಳಿ. ನೀರು ಸುಮಾರು 40 ಡಿಗ್ರಿ. ಹತ್ತು ನಿಮಿಷಕ್ಕೆ ಎದ್ದುಬಿಡಿ, ತಲೆ ಸುತ್ತೀತು. ಹಚ್ಚೆ ಇದ್ದವರನ್ನು ಹಲವೆಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಎಣ್ಣೆ ಹಚ್ಚಿಕೊಂಡು ಹೋಗುವ ಆಸೆಯಂತೂ ಬೇಡ.

ಊಟದ್ದೇ ಕಷ್ಟ. ತರಕಾರಿ ಸಾರಿನಂತೆ ಕಾಣುವ ಮಿಸೊ ಸೂಪಿನಲ್ಲೂ ಸಾಮಾನ್ಯವಾಗಿ ಒಣಮೀನಿನ ದಾಶಿ, ಅಂದರೆ ಮೀನಿನ ಸಾರದ ತಿಳಿ, ಇರುತ್ತದೆ. ‘ಮಾಂಸ ಬೇಡ’ ಎಂದರೆ ಸಾಲದು. ಮೀನಿನ ದಾಶಿಯೂ ಬೇಡವೆಂದು ಜಪಾನಿಯಲ್ಲಿ ಚೀಟಿ ಬರೆಸಿಟ್ಟುಕೊಳ್ಳಿ. ಬೌದ್ಧ ಮಂದಿರಗಳ ಶೋಜಿನ್ ಎಂಬ ಸಸ್ಯಾಹಾರಿ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅಲ್ಲಿನ ಎಳ್ಳಿನ ತೋಫು ಬಾಯಿಗಿಟ್ಟಾಗ ನಮ್ಮ ಹಾಲುಬಾಯಿ ನೆನಪಾಯಿತು, ಬೆಲ್ಲವೊಂದು ಇರಲಿಲ್ಲ.

ತೇರು ನೋಡುವುದಾದರೆ ಜುಲೈ 17ಕ್ಕೆ ಕ್ಯೋಟೊದ ಗಿಯೋನ್ ಹಬ್ಬ. ಮೂಲೆಯಲ್ಲಿ ತೇರು ತಿರುಗಿಸಲು ಚಕ್ರದಡಿ ಬಿದಿರಿನ ಸೀಳು ಹಾಸಿ, ನೀರು ಸುರಿದು, ಒಟ್ಟಿಗೆ ಕೂಗಿ ಅಡ್ಡಕ್ಕೆ ಎಳೆಯುತ್ತಾರೆ. ಆ ತಿರುವಿನಲ್ಲೇ ಜಾಗ ಹಿಡಿಯಿರಿ. ನಮ್ಮಲ್ಲಿ ಆಗ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಯಜಮಾನರು ತೋಟ ಬಿಟ್ಟು ಬರಲೇ ಇಲ್ಲ.